ಕೇಳದೆ ಕೊಟ್ಟ ಉತ್ತರ

ಔರಾದ ಶಹಾಜನಿ
೯ ಜೂನ್ ೧೯೫೭

ಕಾಸಾರಶಿರಸಿಯ ಮಾಣಿಕಪ್ಪನವರಿಗೆ ಸೋಮಯ್ಯನ ಆಶೀರ್ವಾದ.

ಮೊನ್ನೆ ನೀವು ನಮ್ಮ ಮನೆಗೆ ಬಂದು, ಮೊದಲ ಕಪ್ಪು ಚಹಾಕ್ಕೆ ಮಳೆಯ ಮಾತಾಡಿ, ಎರಡನೆಯ ಕಪ್ಪಿಗೆ ಜೋಳದ ಮಾತಾಡಿ, ಮೂರನೆಯ ಕಪ್ಪಿಗೆ ಅಸಲು ಮಾತಿಗೆ ಬಂದಿರಿ. ನಿಮ್ಮ ಮನೆಯವರು ಪ್ರಯಾಗಬಾಯಿ ಉದಗೀರದ ಮಿಷನ್ ದವಾಖಾನೆಯಲ್ಲಿ ಮಲಗಿದ್ದಾಗ, ಅಲ್ಲಿ ನರ್ಸ್ ಕೆಲಸ ಕಲಿಯುತ್ತಿರುವ ನನ್ನ ಮಗಳು ಅನುಸೂಯಾ ಅವರ ಆರೈಕೆ ಮಾಡಿದಳು. ನಿಲಂಗೆಯಲ್ಲಿ ಮಾಸ್ತರಿಕೆ ಮಾಡುವ ನಿಮ್ಮ ಮಗ ರೇವಣಪ್ಪ ಅದನ್ನು ಕಂಡ. ಅವಳು ವಿಧವೆ ಎಂದು ತಿಳಿದೂ ‘ಮಾಡಿಕೊಂಡ್ರ ಆಕೀನ್ನೇ’ ಎಂದ. ಹೀಗೆನ್ನಲು ಮಗನಿಗೂ ಎದೆ ಬೇಕು, ಅದನ್ನು ನನ್ನೆದುರು ಬಂದು ಹೇಳಲು ತಂದೆಗೂ ಬೇಕು.

ಗಂಡ ಸತ್ತ ಹೆಣ್ಣಿಗೆ ಹೊಸ ಸೀರೆ ಉಡಿಸಿ ಉಡಿಕಿ ಮಾಡುವುದು ನಿಮ್ಮ ಒಕ್ಕಲು ಮನೆಗಳಲ್ಲಿ ಹಿಂದಿನಿಂದ ಬಂದದ್ದು. ಎಷ್ಟೋ ಉಡಿಕಿಗಳನ್ನು ನಿಮ್ಮೆಲ್ಲರ ಅಯ್ಯನಾಗಿ ನಾನೇ ನಿಂತು ಮಾಡಿಸಿದ್ದೇನೆ. ನಮ್ಮ ಅಯ್ಯಗಳ, ಅಂದರೆ ಜಂಗಮರ, ಮನೆಗಳಲ್ಲಿ ಮಾತ್ರ ಅದಿಲ್ಲ. ಆದರೆ ನಾನು ಹೈದರಾಬಾದಿನಲ್ಲಿ ಕಾಲೇಜು ಕಂಡು ಬಂದವನು, ಹಳೆಯದಕ್ಕೆ ಜೋತು ಬೀಳುವವನಲ್ಲ. ಹುಡುಗಿಯ ಮನಸ್ಸೇ ಮುಖ್ಯ, ಅವಳನ್ನು ಕೇಳಿ ಬರೆಯುತ್ತೇನೆ ಎಂದು ನಿಮಗೆ ಹೇಳಿದ್ದೆ.

ಕೇಳಿದೆ. ಬೇಡ ಎಂದಳು. ರೋಗಿಗಳ ಸೇವೆಯಲ್ಲೇ ಜನ್ಮ ಕಳೆಯುತ್ತೇನೆ ಎಂದಳು. ತಂದೆಯಾದವನು ಒತ್ತಾಯ ಮಾಡುವುದು ತರವಲ್ಲವೆಂದು ಸುಮ್ಮನಾದೆ. ನಿಮ್ಮ ಮಗನಿಗೆ ಯೋಗ್ಯ ಕನ್ಯೆ ಸಿಗಲಿ.

ಇತಿ,
ಸೋಮಯ್ಯ


ಔರಾದ ಶಹಾಜನಿ
೩೦ ಜೂನ್ ೧೯೫೭

ಚಿ. ಅನುಸೂಯಾ,

ಆಶೀರ್ವಾದ ಮೊದಲು, ಬೈಗುಳ ಆಮೇಲೆ. ಮೇ ತಿಂಗಳ ರಜೆ ಮುಗಿಸಿ ನೀನು ಉದಗೀರದ ಬಸ್ಸು ಹತ್ತಿದ ಮೇಲೆ ನನಗೆ ನಿನ್ನಿಂದ ಒಂದು ಸಾಲಿಲ್ಲ, ನಿನಗೆ ನನ್ನಿಂದ ಒಂದು ಅಕ್ಷರವಿಲ್ಲ. ನಮ್ಮಿಬ್ಬರ ನಡುವೆ ಮಾತು ಶುರುವಾಗುವುದೇ ಈ ಕಾಗದದಿಂದ. ತಪ್ಪು ಇಬ್ಬರದೂ ಹೌದು. ಆದರೆ ನಾನು ತಂದೆ, ಆದ್ದರಿಂದ ನಿನ್ನದು ಹೆಚ್ಚು.

ಇಲ್ಲಿ ಎಲ್ಲ ಕ್ಷೇಮ. ಜಂಗಮ ಎಂದರೆ ಒಂದೆಡೆ ನಿಲ್ಲದೆ ಸಂಚರಿಸುವವನು ಎಂದು ಅರ್ಥ. ನಿನ್ನ ಅಪ್ಪ ಹೆಸರಿಗೆ ಜಂಗಮ, ಕೂತಲ್ಲೇ ಕೂತಿದ್ದಾನೆ. ಖರೇ ಜಂಗಮ ಅಂದರೆ ನಮ್ಮೂರು. ನಿಜಾಮನ ಕೈಯಿಂದ ಹೊರಟು, ಬೀದರ ಜಿಲ್ಲೆಯಲ್ಲಿ ಒಂದಿಷ್ಟು ತಂಗಿ, ಹೋದ ನವೆಂಬರದಲ್ಲಿ ಉಸ್ಮಾನಾಬಾದ ಜಿಲ್ಲೆಗೂ ಮುಂಬಯಿ ರಾಜ್ಯಕ್ಕೂ ಹೋಗಿ ಸೇರಿತು. ಅದೂ ಇದ್ದ ಜಾಗ ಬಿಟ್ಟು ಕದಲದೆ! ಇಂಥ ತಪಸ್ಸು ನನ್ನಿಂದಾದೀತೇ?

ಕಾಸಾರಶಿರಸಿಯ ಮಾಣಿಕಪ್ಪನವರು ಬಂದಿದ್ದರು. ಪ್ರಯಾಗಬಾಯಿಗೆ ನೀನು ಮಾಡಿದ ಸೇವೆಯನ್ನು ಹೊಗಳಿ ಹೋದರು. ಬೇರೆ ವಿಶೇಷವಿಲ್ಲ.

ಬಜಾರಿನಲ್ಲಿ ಜನ ನನ್ನನ್ನು ತಡೆದು ಕೇಳುತ್ತಾರೆ: ‘ಅಯ್ಯನೋರೆ, ಮಗಳು ಮಿಷನ್‌ದಾಗ ಅದಾಳ, ಕಿರಸ್ತಾನ ಆಗ್ಯಾಳೇನ್ರೀ?’ ‘ಇಲ್ರೀ, ನರ್ಸ್ ಆಗ್ಯಾಳ. ಅದೂ ಇನ್ನೂ ಅರ್ಧ’ ಎನ್ನುತ್ತೇನೆ. ಕೊರಳಿನ ಲಿಂಗ ಕೊರಳಲ್ಲೇ ಇರಲಿ, ಕಿವಿ ಮಾತ್ರ ತೆರೆದಿಟ್ಟುಕೊ. ಬೆಳಗಿನ ಪ್ರಾರ್ಥನೆಯಲ್ಲಿ ನಿಮಗೆ ಏನೇನು ಹೇಳುತ್ತಾರೆ, ಬರೆ. ನನಗೂ ಹೊತ್ತು ಹೋಗಬೇಕಲ್ಲ.

ನಿನ್ನವ್ವ ಸಂಗಮ್ಮ ಹೇಳಿ ಬರೆಸಿದ್ದು: ತಲೆಗೆ ಎಣ್ಣೆ ಹಚ್ಚಿಕೊ.

ನಿನ್ನ ಅಪ್ಪ,
ಸೋಮಯ್ಯ


ಉದಗೀರ
೨೧ ಜುಲೈ ೧೯೫೭

ತೀರ್ಥರೂಪ ಅಪ್ಪನವರಿಗೆ ಅನುಸೂಯಾಳ ನಮಸ್ಕಾರಗಳು.

ಎಣ್ಣೆ ಹಚ್ಚಿಕೊಳ್ಳುತ್ತಿದ್ದೇನೆಂದು ಅವ್ವನಿಗೆ ಹೇಳಿರಿ. ತಡವಾದದ್ದಕ್ಕೆ ಬೈಯಬೇಡಿ, ಮಳೆಗಾಲಕ್ಕೆ ಜ್ವರದವರು ಹೆಚ್ಚು.

ಜ್ವರದ ಮಾತು ಬಂತು, ಒಂದು ತಮಾಷೆ ಹೇಳುತ್ತೇನೆ. ಶಿರೂರ ಅನಂತಪಾಳದಿಂದ ಅಮೋಘಸಿದ್ಧ ಎಂಬ ಮುದುಕ ಬಂದು ಮಲಗಿದ್ದಾನೆ, ಕುರಿ ಕಾಯುವವನು. ಬಂದ ದಿನ ಬಾಯಲ್ಲಿ ಥರ್ಮಾಮೀಟರ್ ಇಟ್ಟೆ, ಆಮೇಲೆ ಔಷಧ ಕೊಟ್ಟೆವು, ಸಂಜೆಗೆ ಜ್ವರ ಇಳಿಯಿತು. ಅವನ ಪ್ರಕಾರ ಇಳಿಸಿದ್ದು ಆ ಕಡ್ಡಿ. ಈಗ ಔಷಧ ಕೊಡಹೋದರೆ ಬೇಡವೆನ್ನುತ್ತಾನೆ. ‘ಈ ಕಹಿ ನೀರು ಯಾರಿಗರೆ ಕುಡಸು ತಾಯಿ. ನನಗ ಆ ಕಡ್ಡಿ ಎರಡು ಸಲ ಇಡು. ಒಮ್ಮಿ ಇಟ್ಟರೇ ಇಷ್ಟು ಆರಾಮ ಅನಸ್ತದ!’ ಅವನನ್ನು ನೋಡಿ ಇಡೀ ವಾರ್ಡು ಕಡ್ಡಿ ಬೇಡತೊಡಗಿದೆ.

ನಮ್ಮ ಮೇಟ್ರನ್ ಸುವಾರ್ತಮ್ಮನವರು ಬೀದರ ಕಡೆಯವರು, ನಮ್ಮ ಹಾಗೆಯೇ ಮಾತಾಡುತ್ತಾರೆ. ಬೆಳಗಿನ ಪ್ರಾರ್ಥನೆಯಲ್ಲಿ ಈಗ ಅವರು ತಮ್ಮ ಶಾಸ್ತ್ರದ ಹತ್ತು ಕಟ್ಟಳೆಗಳನ್ನು ಹೇಳಿಕೊಡುತ್ತಿದ್ದಾರೆ. ಮೊನ್ನೆ ಹುಡುಗಿಯೊಬ್ಬಳು, ಈ ಹತ್ತನ್ನೂ ಪಾಲಿಸಿದರೆ ಮನುಷ್ಯ ಒಳ್ಳೆಯವನಾಗುತ್ತಾನಲ್ಲವೇ ಎಂದು ಕೇಳಿದಳು. ಅವರು ಅಮೋಘಸಿದ್ಧನ ಕಡೆ ಕೈ ತೋರಿಸಿದರು. ‘ನೀನೂ ಆ ಮುದುಕನಂಗೇ ನೋಡವ್ವ. ಕಟ್ಟಳಿ ಅಂಬೂದು ಜ್ವರದ ಕಡ್ಡಿ. ಕಡ್ಡಿ ಜ್ವರ ತರಂಗಿಲ್ಲ, ಕಡ್ಡಿ ಜ್ವರ ಇಳಸಂಗೂ ಇಲ್ಲ. ಎಷ್ಟದ ಅಂತ ತೋರಸ್ತದ, ಅಷ್ಟೇ. ಅದು ಬಾಯಾಗ ಬರೂ ತನಕ ನಾವು, ಮೈ ಸ್ವಲ್ಪ ಬೆಚ್ಚಗದ, ಬಿಸಲಾಗ ಬಂದೀವಿ, ಅಂತಿರ್ತೀವಿ.’ ಹಾಗಾದರೆ ಔಷಧ ಯಾವುದೆಂದು ನಾನು ಕೇಳಿದೆ. ‘ಕ್ಷಮಾ. ಅದು ನಾವು ಗಳಿಸೂದಲ್ಲ. ಬ್ಯಾರೆ ಕಡಿಂದ ಬರಬೇಕು. ಆದ್ರ ನನಗ ಜ್ವರಾನೇ ಇಲ್ಲ ಅಂಬಾವ ಔಷಧ ಯಾಕ ಕುಡೀತಾನ?’

ಹತ್ತು ಕಟ್ಟಳೆಗಳನ್ನು ಈ ಹಾಳೆಯ ಹಿಂಬದಿಯಲ್ಲಿ ಬರೆದಿದ್ದೇನೆ. ಅವ್ವನಿಗೂ ಓದಿ ಹೇಳಿರಿ. ಪ್ರಯಾಗಬಾಯಿಯವರು ಹೇಗಿದ್ದಾರಂತೆ? ಅವರ ಮನೆಯವರೆಲ್ಲ ಚೆನ್ನಾಗಿದ್ದಾರೆಯೇ?

ನಿಮ್ಮ ಮಗಳು,
ಅನುಸೂಯಾ


ಔರಾದ ಶಹಾಜನಿ
೧೧ ಆಗಸ್ಟ್ ೧೯೫೭

ಚಿ. ಅನುಸೂಯಾ,

ನಿಮ್ಮ ಸುವಾರ್ತಮ್ಮನವರು ಕಡ್ಡಿ ಮುರಿದ ಹಾಗೆ ಮಾತಾಡುತ್ತಾರೆ. ನೀನು ಮಾತ್ರ ಕಡ್ಡಿ ಮುರಿಯಬೇಡ, ಪಗಾರದಲ್ಲಿ ಮುರಿದುಕೊಂಡಾರು.

ನಿನ್ನ ಕಟ್ಟಳೆಗಳನ್ನು ಕಟ್ಟೆಯ ಮೇಲೆ ಕೂತು ಓದಿದೆ. ಕೇಳಿದವರು ನಿನ್ನವ್ವ ಮತ್ತು ಅರಿವೆ ಅಂಗಡಿಯ ವಿಶ್ವನಾಥಪ್ಪ. ಪೂರ್ತಿ ಕೇಳಿ ವಿಶ್ವನಾಥಪ್ಪ ಗದ್ದ ತುರಿಸಿಕೊಂಡ. ‘ಅಯ್ಯನೋರೆ, ಹತ್ತು ಭಾಳ ಆತು. ಆರಕ್ಕ ಕೊಡ್ತಾರೇನು ಕೇಳ್ರಿ.’

ನಾನು ಲಾಜಿಕ್ ಓದಿದವನು. ಒಂದೊಂದಾಗಿ ನನ್ನ ತನಿಖೆ ಮಾಡಿಕೊಂಡೆ. ಮೊದಲಿನವೆರಡು, ಒಬ್ಬನೇ ದೇವರು, ಮೂರ್ತಿ ಮಾಡಬೇಡ. ಒಬ್ಬನೇ ಇದ್ದಾನೆ, ಕೊರಳಲ್ಲೇ ಇದ್ದಾನೆ. ಮೂರ್ತಿಯ ವಿಷಯದಲ್ಲಿ ನನ್ನದೊಂದು ತಕರಾರಿದೆ, ನಿಮ್ಮ ಮೇಟ್ರನ್ ಸಿಕ್ಕಾಗ ಮಂಡಿಸುತ್ತೇನೆ. ದೇವರ ಹೆಸರನ್ನು ವ್ಯರ್ಥವಾಗಿ ಎತ್ತಬಾರದಂತೆ. ನಾನು ಎತ್ತಿದಾಗಲೆಲ್ಲ ಒಂದು ಮೊರ ಜೋಳವಾದರೂ ಬಂದಿದೆ, ವ್ಯರ್ಥ ಹೇಗಾದೀತು? ವಾರಕ್ಕೊಂದು ದಿನ ಕೆಲಸ ಮುಟ್ಟಬಾರದಂತೆ. ನಿನ್ನವ್ವನ ಅಭಿಪ್ರಾಯದಲ್ಲಿ ಇದನ್ನು ನಾನು ಏಳೂ ದಿನ ಪಾಲಿಸುತ್ತೇನೆ. ತಂದೆತಾಯಿಯನ್ನು ಗೌರವಿಸು ಎನ್ನುವುದು ನಿನ್ನ ಪಾಲಿನದು, ಗೆರೆ ಎಳೆದಿಟ್ಟುಕೊ. ಕೊಲೆಯ ಬಗ್ಗೆ ತಿಗಣೆಗಳ ಹೊರತು ಯಾರ ದೂರೂ ಇಲ್ಲ, ತಿಗಣೆಗಳು ದೂರು ಕೊಡುವ ಸ್ಥಿತಿಯಲ್ಲಿಲ್ಲ. ಪರಸ್ತ್ರೀಯ ಮಾತು ಬಂದಾಗ ನಿನ್ನವ್ವ ಪಕ್ಕದಲ್ಲೇ ಕೂತಿದ್ದಳು, ಆದ್ದರಿಂದ ‘ಇಲ್ಲ’ ಎಂದು ಗಟ್ಟಿಯಾಗಿ ಅಂದೆ. ಪುರಾಣ ಕೇಳುವಾಗ ಕದ್ದು ನಿದ್ದೆ ಮಾಡಿದ್ದುಂಟು, ಆದರೆ ಅದು ನನ್ನದೇ ನಿದ್ದೆ. ಸುಳ್ಳು ಸಾಕ್ಷಿ ಎನ್ನುವುದು ಕೋರ್ಟಿನ ಮಾತು, ನಾನು ನಿಲಂಗೆಯ ಕಚೇರಿ ಮೆಟ್ಟಿಲು ಹತ್ತಿದವನಲ್ಲ. ಮುಂದೆ.

ಹತ್ತನೆಯದರಲ್ಲಿ ಸಿಕ್ಕಿಬಿದ್ದವಳು ನಿನ್ನವ್ವ. ನೆರೆಯವರ ಮನೆ, ಎತ್ತು, ಏನನ್ನೂ ಆಸೆಪಡಬಾರದು ಎಂದು ಓದಿದೆನೋ ಇಲ್ಲವೋ, ಅವಳು ಮೊರ ಕೆಳಗಿಟ್ಟಳು. ‘ಅಂದ್ರ ಲಲಿತಾಬಾಯಿ ಎಮ್ಮಿ?’ ‘ಎಮ್ಮೆಯೂ ಸೇರಿತು’ ಎಂದೆ. ‘ನೋಡ್ರಿ, ನೀವು ಓದೂ ತನಕ ಅದು ಬರೇ ಎಮ್ಮಿ ಇತ್ತು. ಈಗ ಪಾಪ ಆಗ್ಯಾದ!’ ಅವತ್ತಿನಿಂದ ಲಲಿತಾಬಾಯಿಯ ಅಂಗಳ ತಪ್ಪಿಸಿ ಹಿತ್ತಲ ಬಾಗಿಲಿಂದ ನೀರಿಗೆ ಹೋಗುತ್ತಾಳೆ. ಪಾಪ!

ನಮ್ಮ ಭಾಷೆಯ ದೊಡ್ಡಸ್ತಿಕೆ ನೋಡು. ಪಾಪ ಮಾಡಿದವನನ್ನು ಕಂಡರೂ ‘ಪಾಪ’ ಎನ್ನುತ್ತೇವೆ. ನಿಮ್ಮ ಮೇಟ್ರನ್ ಹೇಳುವ ಜ್ವರ, ಔಷಧ ಎರಡಕ್ಕೂ ನಮ್ಮಲ್ಲಿ ಒಂದೇ ಬಾಟ್ಲಿ. ಇನ್ನು ‘ಬೇಡ’ಗಳ ಮಾತಿಗೆ ಬಂದರೆ, ನಮ್ಮ ಶರಣರೂ ಬೇಕಾದಷ್ಟು ‘ಬೇಡ’ ಹೇಳಿಟ್ಟಿದ್ದಾರೆ. ನಾವು ಅವನ್ನು ಹಾಡಿ ಹಾಡಿ ರಾಗ ಚೆನ್ನಾಗಿ ಕಲಿತೆವು.

ಒಟ್ಟಿನಲ್ಲಿ ನಿನ್ನ ಅಪ್ಪನಿಗೆ ಜ್ವರವಿಲ್ಲ ಎಂದು ಅವರಿಗೆ ತಿಳಿಸು. ಕಾಸಾರಶಿರಸಿ ಕಡೆಯ ಸುದ್ದಿ ನನಗೆ ಗೊತ್ತಿಲ್ಲ.

ನಿನ್ನ ನಿರೋಗಿ ಅಪ್ಪ,
ಸೋಮಯ್ಯ


ಉದಗೀರ
೨೨ ಸೆಪ್ಟೆಂಬರ್ ೧೯೫೭

ತೀರ್ಥರೂಪ ಅಪ್ಪನವರಿಗೆ ನಮಸ್ಕಾರಗಳು.

ನಿಮ್ಮ ಕಾಗದವನ್ನು ಸುವಾರ್ತಮ್ಮನವರಿಗೆ ಓದಿ ತೋರಿಸಿದೆ. ತಿಗಣೆಗೆ ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಎಮ್ಮೆಯ ಮಾತಿಗೆ, ‘ನಿಮ್ಮವ್ವನಿಗಿ ನನ್ನ ಪಾಠ ಬ್ಯಾಡ, ಆಕಿ ಶಾಸ್ತ್ರ ಓದಿದಂಗ ಹೇಳ್ಯಾಳ’ ಎಂದರು. ಒಂಬತ್ತನೆಯದಕ್ಕೆ ಮಾತ್ರ ನಗಲಿಲ್ಲ. ‘ಕೋರ್ಟಿಗಿ ಹೋದವರೇ ಸುಳ್ಳು ಸಾಕ್ಷಿ ಹೇಳ್ತಾರಂದ್ರ, ಜಗತ್ತಿನಾಗ ಸುಳ್ಳು ಭಾಳ ಕಡಿಮಿ ಇರ್ತಿತ್ತು. ಎದುರಿಗಿಲ್ಲದವರ ಬಾಯಿ ತಾ ಆಗಿ ಮಾತಾಡಿದ್ದೂ ಅದರಾಗೇ ಬರ್ತದ. ಹಿಂಗ ಬರೀ ಅಪ್ಪಗ’ ಎಂದರು. ಬರೆದಿದ್ದೇನೆ.

ಅಪ್ಪಾ, ನಾನೂ ಹತ್ತನೆಯದರಲ್ಲೇ ಸಿಕ್ಕಿಬಿದ್ದಿದ್ದೇನೆ. ಅವ್ವನ ಹಾಗೆ ನಗುತ್ತ ಹೇಳಲು ನನಗೆ ಬರುವುದಿಲ್ಲ.

ಪ್ರಯಾಗಬಾಯಿ ಇಲ್ಲಿದ್ದಾಗ ಅವರ ಮನೆಯವರು ಬುತ್ತಿ ತಂದು, ಮಂಚದ ಸುತ್ತ ಕೂತು, ಒಬ್ಬರ ಕೈಯಿಂದೊಬ್ಬರು ಕಸಿದು ಉಣ್ಣುತ್ತಿದ್ದರು. ರೇವಣಪ್ಪನವರು ತಾಯಿಯ ತಲೆ ಬಾಚಿ ಹೆಣೆಯುತ್ತಿದ್ದರು. ಬೈತಲೆ ಸೊಟ್ಟಗೆ ಬರುತ್ತಿತ್ತು. ವಾರ್ಡಿನವರೆಲ್ಲ ನಗುತ್ತಿದ್ದರು. ನನಗೆ ನಗು ಬರಲಿಲ್ಲ. ಈ ಮನೆ ನನ್ನದಾಗಿದ್ದರೆ ಎಂದುಕೊಂಡೆ. ಆಗ ಅದು ತಪ್ಪೆಂದು ತಿಳಿದಿರಲಿಲ್ಲ, ಕಟ್ಟಳೆ ಕೇಳಿದ ಮೇಲೆ ತಿಳಿಯಿತು. ನನ್ನ ಪಾಲಿಗಿಲ್ಲದ ಮನೆಯ ಮೇಲೆ ಆಸೆ ಇಟ್ಟಿದ್ದೆ.

ಹೋದ ವಾರ ಪ್ರಯಾಗಬಾಯಿ ಮತ್ತೆ ತೋರಿಸಿಕೊಳ್ಳಲು ಬಂದಿದ್ದರು. ಮೊದಲೆಲ್ಲ ‘ಬಾರವ್ವ ಮಗಳೆ, ಇಲ್ಲಿ ಕೂಡು’ ಎನ್ನುತ್ತಿದ್ದವರು, ಈ ಸಲ ‘ನೀವು ದೊಡ್ಡವರ್ರೀ, ನಿಮ್ಮ ಸೇವಾ ದೊಡ್ಡದು’ ಎಂದು ಮುಖ ಆಚೆ ತಿರುಗಿಸಿದರು. ರೇವಣಪ್ಪನವರು ಹೊರಗೆ ಬೇವಿನ ಗಿಡದ ಕೆಳಗೇ ನಿಂತರು, ಒಳಗೆ ಬರಲಿಲ್ಲ. ನನ್ನ ಆಸೆ ನನ್ನ ಮುಖದ ಮೇಲೆ ಕಂಡಿರಬೇಕು. ಗಂಡ ಸತ್ತವಳಿಗೆ ಇಂಥದ್ದೇ ಎಂದು ಅಸಹ್ಯಪಟ್ಟಿರಬೇಕು. ನಾಚಿಕೆಯಿಂದ ಸಾಯುವಂತಾಗಿದೆ.

ಇದನ್ನು ಅವ್ವನ ಮುಂದೆ ಓದಬೇಡಿ.

ನಿಮ್ಮ,
ಅನುಸೂಯಾ


ಉದಗೀರ
೨೭ ಅಕ್ಟೋಬರ್ ೧೯೫೭

ತೀರ್ಥರೂಪ ಅಪ್ಪನವರಿಗೆ,

ತಿಂಗಳು ಕಳೆಯಿತು, ನಿಮ್ಮ ಉತ್ತರವಿಲ್ಲ. ದೀಪಾವಳಿಗೂ ಕಾಗದ ಬರಲಿಲ್ಲ. ನಾನು ಬರೆದದ್ದು ನಿಮಗೆ ಸಿಟ್ಟು ತರಿಸಿರಬೇಕು. ಮಗಳು ತಂದೆಗೆ ಬರೆಯುವ ಮಾತಲ್ಲ ಅದು, ಕ್ಷಮಿಸಿರಿ.

ಸೊಲ್ಲಾಪುರದ ಆಚೆ ದೂರದ ದವಾಖಾನೆಯೊಂದಕ್ಕೆ ಇಲ್ಲಿಂದ ಹುಡುಗಿಯರನ್ನು ಕಳಿಸುತ್ತಾರೆ. ಹೋದವರು ಅಲ್ಲೇ ಉಳಿಯಬೇಕು. ನನ್ನ ಹೆಸರನ್ನೂ ಹೇಳಿದ್ದೇನೆ. ಫೆಬ್ರುವರಿಗೆ ಹೊರಡಬೇಕಾದೀತು. ಯೋಚಿಸಿ ನೋಡಿದರೆ ನನ್ನಂಥವಳಿಗೆ ಇದೇ ಸರಿ. ರೋಗಿಗಳ ಸೇವೆಯಲ್ಲೇ ಜನ್ಮ ಕಳೆಯುತ್ತೇನೆ.

ನೀವು ಒಂದೇ ಒಂದು ತಮಾಷೆಯನ್ನಾದರೂ ಬರೆಯಿರಿ.

ಅನುಸೂಯಾ


ಔರಾದ ಶಹಾಜನಿ
೧೮ ನವೆಂಬರ್ ೧೯೫೭

ಮಗಳೇ,

ಈ ಕಾಗದದಲ್ಲಿ ತಮಾಷೆ ಹುಡುಕಬೇಡ. ಸಿಕ್ಕರೆ ಅದು ಹಳೆಯ ಚಾಳಿಯಿಂದ ನುಸುಳಿದ್ದು, ಒರೆಸಿ ಮುಂದೆ ಓದು.

ಜೂನ್ ತಿಂಗಳಲ್ಲಿ ಮಾಣಿಕಪ್ಪನವರು ಬಂದದ್ದು ನಿನ್ನನ್ನು ಹೊಗಳಲಿಕ್ಕಲ್ಲ. ರೇವಣಪ್ಪನಿಗೆ ನಿನ್ನನ್ನು ಕೇಳಲಿಕ್ಕೆ. ಮಗಳನ್ನು ಕೇಳಿ ಬರೆಯುತ್ತೇನೆ ಎಂದೆ. ನಿನ್ನನ್ನು ಕೇಳಲಿಲ್ಲ. ಬೇಡ ಎಂದಳು, ರೋಗಿಗಳ ಸೇವೆಯಲ್ಲೇ ಜನ್ಮ ಕಳೆಯುತ್ತಾಳಂತೆ ಎಂದು ಬರೆದು ಕಳಿಸಿದೆ. ಆ ವಾಕ್ಯ ನಾನು ಕಟ್ಟಿದ್ದು. ನಿನ್ನ ಅಕ್ಟೋಬರಿನ ಕಾಗದದಲ್ಲಿ ಅದೇ ವಾಕ್ಯ ನಿನ್ನ ಅಕ್ಷರದಲ್ಲಿ ಬಂತು. ನಾನು ಹೇಳಿದ ಸುಳ್ಳನ್ನು ನೀನು ಬದುಕಿ ಖರೆ ಮಾಡಲು ಹೊರಟಿದ್ದೆ.

ಯಾಕೆ ಹಾಗೆ ಮಾಡಿದೆ? ಮಾಣಿಕಪ್ಪನವರು ಹೋದ ಮರುದಿನವೇ ಮಠದ ಗುರುಶಾಂತಯ್ಯನವರು ಬಂದಿದ್ದರು. ‘ಸೋಮಯ್ಯಾ, ಅಯ್ಯನ ಮಗಳಿಗಿ ಉಡಿಕಿ, ಅದೂ ಭಕ್ತರ ಮನಿಗಿ? ಅಯ್ಯಗಳ ಪಂಕ್ತಿದಾಗ ನಿನ್ನ ಎಲಿ ಬೀಳಂಗಿಲ್ಲ ನೋಡು.’ ಎಲೆಗೆ ಅಂಜಿದೆ. ಅಂಜಿದೆ ಎಂದು ಮಾಣಿಕಪ್ಪನವರಿಗೆ ಬರೆದಿದ್ದರೆ ಅದೂ ಒಂದು ಮಾತಾಗುತ್ತಿತ್ತು. ಪಂಕ್ತಿಯಲ್ಲಿ ಎಲೆಯೂ ಇರಲಿ, ಊರಲ್ಲಿ ಸುಧಾರಕನೆಂಬ ಹೆಸರೂ ಇರಲಿ ಎಂದು ನನ್ನ ‘ಬೇಡ’ವನ್ನು ನಿನ್ನ ಬಾಯಿಗೆ ಹಾಕಿದೆ.

ಇದಕ್ಕೆ ಪಾಪ ಎಂಬ ಹೆಸರಿದೆಯೆಂದು ನನಗೆ ತಿಳಿದಿರಲಿಲ್ಲ. ವ್ಯವಹಾರಜ್ಞಾನ ಎಂದು ಹೆಸರಿಟ್ಟುಕೊಂಡಿದ್ದೆ. ಅದು ಮನೆಯಲ್ಲಿ ಆರಾಮವಾಗಿ ಉಂಡುಟ್ಟುಕೊಂಡಿತ್ತು. ಕಟ್ಟಳೆ ನನ್ನನ್ನು ಪಾಪಿ ಮಾಡಲಿಲ್ಲ, ಅದು ಆಗಿಹೋದದ್ದು ಜೂನಿನಲ್ಲೇ. ನಿಮ್ಮ ಮೇಟ್ರನ್ ಹೇಳಿದ ಆ ಒಂದು ಮಾತು, ಎದುರಿಗಿಲ್ಲದವರ ಬಾಯಿ ತಾನೇ ಆಗಿ ಮಾತಾಡುವುದು, ಅದನ್ನು ಓದಿದಾಗ ಗೊತ್ತಾಯಿತು. ಅದರ ಕೆಳಗೇ ನಿನ್ನ ತಪ್ಪೊಪ್ಪಿಗೆ. ನಿನ್ನನ್ನು ಬೇಡಿ ಬಂದ ಮನೆಯನ್ನು ಬಯಸಿದ್ದಕ್ಕೆ ನೀನು ನಾಚಿಕೆಪಡುತ್ತಿದ್ದೆ. ಕಡ್ಡಿ ತಪ್ಪು ಬಾಯಲ್ಲಿತ್ತು ಮಗಳೇ. ಜ್ವರ ನನ್ನದು.

ಇಷ್ಟು ಗೊತ್ತಾದ ಮೇಲೂ ಉತ್ತರ ಬರೆಯಲಿಲ್ಲ. ಗೊತ್ತಾಗುವುದಕ್ಕೂ ಹೇಳುವುದಕ್ಕೂ ನಡುವೆ ದೊಡ್ಡ ಹಳ್ಳವಿದೆ. ಕಡೆಗೆ ನಿನ್ನವ್ವನಿಗೆ ಹೇಳಿದೆ. ಅವಳು ಅಳಲಿಲ್ಲ. ‘ಆ ಹತ್ತು ಓದಿದ ದಿನ ನೀವು ಒಂಬತ್ತನೇದ್ರಾಗ ಭಾಳ ಲಗೂ ಮುಂದ ಹೋದ್ರಿ. ಯಾನೋ ಅದ ಅಂತ ಅವತ್ತೇ ಅನಸಿತ್ತು. ಈಗ ಇಲ್ಲಿ ಕೂತು ನನಗ ಯಾಕ ಹೇಳ್ತೀರಿ? ಹೇಳಬೇಕಾದವರು ಕಾಸಾರಶಿರಸಿದಾಗ ಅದಾರ’ ಎಂದಳು.

ಹೋದೆ. ಅಯ್ಯ ಬಂದರೆ ಭಕ್ತರ ಮನೆಯಲ್ಲಿ ಏನು ಮಾಡುತ್ತಾರೆ, ನಿನಗೆ ಗೊತ್ತು. ಮಾತಿಗೂ ಮೊದಲು ಮಣೆ ಹಾಕಿ, ತಂಬಿಗೆಯಲ್ಲಿ ನೀರು ತಂದು ಕಾಲು ತೊಳೆಯುತ್ತಾರೆ. ಪ್ರಯಾಗಬಾಯಿ ನಮ್ಮ ಮೇಲೆ ಮುನಿಸಿಕೊಂಡಿದ್ದರೂ ರೂಢಿ ಬಿಡದೆ ತಂಬಿಗೆ ತಂದರು. ನಾನು ಕಾಲು ಹಿಂದೆ ಎಳೆದುಕೊಂಡೆ. ‘ಮೊದಲು ನನ್ನ ಮಾತು ಕೇಳ್ರಿ. ಆಮ್ಯಾಲ ತೊಳೀಬೇಕೋ ಬ್ಯಾಡೋ ನೀವೇ ಹೇಳ್ರಿ’ ಎಂದೆ. ನಿಂತುಕೊಂಡೇ ಎಲ್ಲ ಹೇಳಿದೆ. ಶ್ಲೇಷೆ ಇಲ್ಲ, ಪೀಠಿಕೆ ಇಲ್ಲ. ಜನ್ಮದಲ್ಲಿ ಮೊದಲ ಸಲ ನನ್ನ ಮಾತು ಇಷ್ಟು ಬೇಗ ಮುಗಿಯಿತು.

ಮಾಣಿಕಪ್ಪನವರ ಮುಖ ಕೆಂಪಾಯಿತು. ‘ಅಯ್ಯನೋರೆ, ನಾ ಒಕ್ಕಲತನದ ಮನಶ್ಯಾ. ನನಗ ಮನಸಿಲ್ಲ ಅಂತ ನೀವಂದಿದ್ರ ಸುಮ್ನ ಎದ್ದು ಹೋಗ್ತಿದ್ದೆ. ಆ ಹುಡುಗಿ ಹೆಸರು ಯಾಕ ಮುಂದ ಮಾಡಿದ್ರಿ? ನಮ್ಮಾಕಿ ಇಷ್ಟು ದಿನ ಆಕಿಗಿ ಸೊಕ್ಕಿನಾಕಿ ಅಂತ ತಿಳಕೊಂಡು ಕೂತಾಳ!’ ಎಷ್ಟೋ ವರ್ಷಗಳಿಂದ ಆ ಮನೆಯವರಿಗೆ ಆಶೀರ್ವಾದ ಮಾಡಿದ ಕೈ ನನ್ನದು. ಆ ಕೈಯನ್ನೇ ಮುಗಿದೆ.

ಪ್ರಯಾಗಬಾಯಿ ತಂಬಿಗೆ ಹಿಡಿದು ಹಾಗೇ ನಿಂತಿದ್ದರು. ಆಮೇಲೆ ಮಣೆಯ ಮುಂದೆ ಕುಕ್ಕರಗಾಲಲ್ಲಿ ಕೂತರು.

‘ಇಷ್ಟು ವರ್ಷ ನೀವು ತೊಳದ ಕಾಲೇ ತಗೊಂಡು ಬರ್ತಿದ್ರಿ, ನಾವು ಸುಮ್ನ ನೀರು ಹಾಕ್ತಿದ್ದೆವು. ಇವತ್ತು ಹೊಲಸ ಕಾಲು ಬಂದಾವ. ಮುಂದ ಮಾಡ್ರಿ.’

ತೊಳೆದರು. ನಾನು ತಲೆ ಎತ್ತಲಿಲ್ಲ. ಔಷಧ ಬೇರೆ ಕಡೆಯಿಂದ ಬರಬೇಕು, ಅದು ಗಳಿಸುವುದಲ್ಲ ಎಂದಿದ್ದರಲ್ಲ ಸುವಾರ್ತಮ್ಮನವರು, ಬರುವಾಗ ಹೇಗಿರುತ್ತದೆ ಎಂದು ಹೇಳಿರಲಿಲ್ಲ. ತಣ್ಣಗಿರುತ್ತದೆ.

ರೇವಣಪ್ಪ ಅಲ್ಲೇ ಕಂಬಕ್ಕೊರಗಿ ನಿಂತಿದ್ದ. ಬಯ್ಯಲಿ ಎಂದು ಕಾದೆ. ಅವನು ಲೆಕ್ಕದ ಮಾಸ್ತರ. ‘ಅಂದ್ರ ಆಕಿಗಿ ಯಾರೂ ಕೇಳೇ ಇಲ್ಲ. ಕೇಳಿಲ್ಲ ಅಂದ್ರ ಆಕಿ ಬ್ಯಾಡ ಅಂದಿಲ್ಲ’ ಎಂದ. ಮುಖದ ಮೇಲೆ ನಗು ಒಂದಿಷ್ಟು ಹೊತ್ತು ತಡೆದು ನಿಂತು, ಆಮೇಲೆ ಬಂತು.

ನಿನ್ನ ಪರವಾಗಿ ನಾನು ಅಲ್ಲಿ ಏನೂ ಹೇಳಿಲ್ಲ. ಹೂಂ ಎಂದೂ ಇಲ್ಲ, ಉಹೂಂ ಎಂದೂ ಇಲ್ಲ. ನಿನ್ನಲ್ಲಿ ಕ್ಷಮೆ ಕೇಳುತ್ತೇನೆ. ಕೊಡಲೇಬೇಕೆಂದಿಲ್ಲ.

ಸೋಮಯ್ಯ


ಉದಗೀರ
೮ ಡಿಸೆಂಬರ್ ೧೯೫೭

ಅಪ್ಪನವರಿಗೆ,

ನನಗೆ ಸಿಟ್ಟು ಬಂದಿದೆ. ಇಳಿದ ಮೇಲೆ ಬರೆಯೋಣವೆಂದು ಕಾದೆ, ಇಳಿಯಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಜುಲೈಯಿಂದ ನಾನು ನನ್ನನ್ನೇ ಬೈದುಕೊಂಡಿದ್ದೇನೆ. ಕನ್ನಡಿ ನೋಡುವುದು ಬಿಟ್ಟಿದ್ದೆ. ನೀವು ಆಗ ತಿಗಣೆಯ ತಮಾಷೆ ಬರೆಯುತ್ತಿದ್ದಿರಿ. ನಾನು ಅದನ್ನು ವಾರ್ಡಿನಲ್ಲಿ ಎಲ್ಲರಿಗೂ ಓದಿ ತೋರಿಸಿ, ನಮ್ಮಪ್ಪ ಹೇಗೆ ಬರೆಯುತ್ತಾರೆ ನೋಡಿರಿ ಎಂದು ಮೆರೆಯುತ್ತಿದ್ದೆ.

ಇನ್ನೊಂದು. ಕಾಸಾರಶಿರಸಿಗೆ ಮೊದಲು ಹೋದಿರಿ, ನನಗೆ ಆಮೇಲೆ ಬರೆದಿರಿ. ಸುಳ್ಳು ಕಟ್ಟುವಾಗಲೂ ನನ್ನನ್ನು ಕೇಳಲಿಲ್ಲ, ಬಿಚ್ಚುವಾಗಲೂ ಕೇಳಲಿಲ್ಲ. ಒಳ್ಳೆಯ ಕೆಲಸವೆಂದು ಎಲ್ಲರೂ ಅನ್ನುತ್ತಾರೆ. ನಾನೂ ಅನ್ನುತ್ತೇನೆ. ಆದರೂ ಮೊದಲು ನನ್ನ ಹತ್ತಿರ ಬರಬೇಕಾಗಿತ್ತು.

ಸುವಾರ್ತಮ್ಮನವರಿಗೆ ನಿಮ್ಮ ಕಾಗದ ತೋರಿಸಿದೆ. ಕ್ಷಮಾ ಮಾಡು ಎಂದು ಹೇಳುತ್ತಾರೆಂದುಕೊಂಡಿದ್ದೆ. ‘ನಾ ಹಾಂಗ ಹೇಳಂಗಿಲ್ಲ ಮಗಳೆ. ಹೇಳಿ ಕೊಡಿಸಿದ್ದು ಕ್ಷಮಾ ಅಲ್ಲ. ನಿನ್ನ ಸಿಟ್ಟು ಖರೇ ಅದ, ಅವರ ಪಶ್ಚಾತ್ತಾಪನೂ ಖರೇ ಅದ. ಎರಡೂ ಒಂದೇ ಮನಿಯಾಗ ಸ್ವಲ್ಪ ದಿನ ಇರಲಿ’ ಎಂದರು.

ಹೋದ ಭಾನುವಾರ ಪ್ರಯಾಗಬಾಯಿ ಬಂದಿದ್ದರು. ವಾರ್ಡಿನ ನಡುವೆ ನನ್ನನ್ನು ಹಿಡಿದು ಅತ್ತರು. ‘ನೀ ಯಾಕ ಇಷ್ಟು ಸೊರಗೀದಿ, ಉಣ್ಣಂಗಿಲ್ಲೇನು?’ ಎಂದು ಬೈದರು. ಮತ್ತೆ ‘ನೀ’ ಅಂದದ್ದಕ್ಕೆ ನಾನೂ ಅತ್ತೆ. ಆಮೇಲೆ ರೇವಣಪ್ಪನವರು ಬೇವಿನ ಗಿಡದ ಹತ್ತಿರ ನಿಂತು, ನನ್ನನ್ನೇ ನೇರವಾಗಿ ಕೇಳಿದರು. ಕೇಳಿ ಸುಮ್ಮನೆ ನಿಂತರು. ನಾನು ಬಹಳ ಹೊತ್ತು ಮಾತಾಡಲಿಲ್ಲ, ಅವರು ಅವಸರ ಮಾಡಲಿಲ್ಲ. ಆಮೇಲೆ ನನ್ನ ಉತ್ತರ ಹೇಳಿದೆ.

ಅದೇನೆಂದು ಈ ಕಾಗದದಲ್ಲಿ ಬರೆಯುವುದಿಲ್ಲ. ನೀವು ಇಲ್ಲಿಗೆ ಬರಬೇಕು, ನನ್ನೆದುರು ಕೂಡಬೇಕು, ಅವರು ಕೇಳಿದ ಹಾಗೆಯೇ ನನ್ನನ್ನು ಕೇಳಬೇಕು. ಅವ್ವನನ್ನೂ ಕರೆದುಕೊಂಡು ಬನ್ನಿ.

ಸೊಲ್ಲಾಪುರದ ಕಡೆ ಹೋಗುವವರ ಪೈಕಿ ನನ್ನ ಬದಲು ನನ್ನ ಜೊತೆ ಕಲಿಯುವ ಚಂದ್ರಭಾಗಾ ಹೋಗುತ್ತಾಳೆ. ಇದರಿಂದ ನೀವೇ ಏನನ್ನೂ ಊಹಿಸಿ ಊರೆಲ್ಲ ಹೇಳಿಕೊಂಡು ಬರಬೇಡಿ.

ಅನುಸೂಯಾ


ಔರಾದ ಶಹಾಜನಿ
೩ ಜನವರಿ ೧೯೫೮

ಮಗಳೇ,

ನೀನು ಬರೆದದ್ದೆಲ್ಲ ಸರಿ. ಎದುರು ವಾದಿಸಲು ಒಂದೂ ಇಲ್ಲ, ಲಾಜಿಕ್ ಓದಿದ್ದು ಹಾಳಾಯಿತು.

ಬರುವ ಭಾನುವಾರದ ಮುಂದಿನ ಭಾನುವಾರ ನಿನ್ನವ್ವನೂ ನಾನೂ ಬರುತ್ತೇವೆ. ಹೊರಡುವ ಮೊದಲೇ ಇಲ್ಲಿಯದೊಂದು ಸುದ್ದಿ ಹೇಳಿಬಿಡುತ್ತೇನೆ. ಕಾಸಾರಶಿರಸಿಗೆ ನಾನು ಹೋದದ್ದು ಮಠಕ್ಕೆ ತಿಳಿದು, ಹೋದ ಸೋಮವಾರದ ಪಂಕ್ತಿಯಲ್ಲಿ ನನಗೆ ಎಲೆ ಹಾಕಲಿಲ್ಲ. ಬಡಿಸುವವರು ನನ್ನನ್ನು ದಾಟಿ ಮುಂದೆ ಹೋದರು. ಎದ್ದು ಮನೆಗೆ ಬಂದೆ. ನಿನ್ನವ್ವ ಏನೂ ಕೇಳದೆ ಬಿಸಿ ರೊಟ್ಟಿ, ಪುಂಡಿಪಲ್ಯ ಹಾಕಿದಳು. ಮಠದ ಊಟಕ್ಕೆ ಹೋಗಿ ಹೋಗಿ ಇಷ್ಟು ವರ್ಷ ಎಂಥದ್ದನ್ನು ಕಳಕೊಂಡಿದ್ದೆ! ವಿಶ್ವನಾಥಪ್ಪ ಅಂಗಡಿ ಮುಚ್ಚಿ ಬಂದು ಜೊತೆಗೆ ಕೂತ. ‘ಅಯ್ಯನೋರೆ, ನಮ್ಮ ಪಂಕ್ತಿ ಸಣ್ಣದು, ಆದ್ರ ಸಾಲಿನಾಗ ಮೊದಲು ನಿಮಗೇ ಬಡಸ್ತಾರ’ ಎಂದ. ಎಲೆಗೆ ನಾನು ಅಷ್ಟೊಂದು ಅಂಜಿದ್ದೇಕೆ ಎಂದು ಈಗ ನನಗೇ ತಿಳಿಯುತ್ತಿಲ್ಲ.

ನಿನ್ನನ್ನು ಕೇಳುವ ಅಭ್ಯಾಸ ನಡೆದಿದೆ. ನಿನ್ನವ್ವ ನೀನಾಗಿ ಎದುರಿಗೆ ಕೂಡುತ್ತಾಳೆ. ‘ಮಗಳೇ, ರೇವಣಪ್ಪ ನಿನ್ನನ್ನು ಕೇಳಿದ್ದಾನೆ. ನಿನ್ನ ಮನಸ್ಸಿನಲ್ಲಿ ಏನಿದೆ?’ ಇಷ್ಟೇ ಪ್ರಶ್ನೆ. ಕೇಳುವುದು ಈಗ ಚೆನ್ನಾಗಿ ಬರುತ್ತದೆ. ಕೇಳಿದ ಮೇಲಿನದೇ ತೊಡಕು. ಪ್ರತಿ ಸಲವೂ ನಾನೇ ಮುಂದಿನ ಮಾತಿಗೆ ಬಾಯಿ ತೆರೆಯುತ್ತೇನೆ, ನಿನ್ನವ್ವ ಬೆರಳು ಎತ್ತುತ್ತಾಳೆ.

‘ಈಗ ಸುಮ್ನಿರ್ರಿ. ಆಕಿ ಹೇಳ್ತಾಳ.’

ನಿನ್ನೆ ಬಾಯಿ ಮುಚ್ಚಿಕೊಂಡು ಕಾದೆ, ಒಲೆಯ ಮೇಲಿನ ಹಾಲು ಉಕ್ಕುವ ತನಕ. ನೀನು ಅದಕ್ಕಿಂತ ಹೆಚ್ಚು ಹೊತ್ತು ತಗೊ.

ನಿನ್ನ ಅಪ್ಪ